ಹಡಗಿನ ಪ್ರಯಾಣವೂ ಇನ್ಸುಲಿನ್ನೂ

ಅನುಗೊಂಡನಹಳ್ಳಿಯ ಮಧುಮೇಹಿಯೊಬ್ಬರು ಮುಂಬಯಿಯಲ್ಲಿ ಹಡಗನ್ನೇರಿ ಪರದೇಶದ ರೇವುಗಳನ್ನು ನೋಡಿ ಬರಬೇಕೆಂದು ಬಯಸಿದರೆ ಅದರಲ್ಲಿ ಅಸಾಧ್ಯವಾದುದೇನೂ ಇಲ್ಲ. 1922ರ ಜನವರಿಯಲ್ಲಿ ಟೊರಾಂಟೋ ನಗರದಲ್ಲಿ ಮೊದಲ ಮಧುಮೇಹಿಗೆ ಇನ್ಸುಲಿನ್ ಚುಚ್ಚಿದಂದಿನಿಂದ ಈ ರೋಗಿಗಳ ಬಾಳಿನ ಎಲ್ಲೆಯೇ ವಿಸ್ತಾರವಾಗಿದೆ. ಆದರೆ ಹೊರಡುವ ಮುನ್ನ ಒಂದು ಲೆಕ್ಕವನ್ನು ಚೆನ್ನಾಗಿ ಅರಿತಿರಬೇಕು.

ನಮ್ಮ ಔಷಧದಂಗಡಿಗಳಲ್ಲಿ ದೊರೆಯುವ ಇನ್ಸುಲಿನ್ ಸೀಸೆಗಳಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್ಟುಗಳಿರುತ್ತವೆ. ಅನೇಕ ಹೊರದೇಶಗಳಲ್ಲಿ 100. ಸಿರಿಂಜಿನ ಗೆರೆಗಳೂ ಅದಕ್ಕೆ ತಕ್ಕಂತೆಯೇ. ಸೀಸೆ ಒಡೆದುಹೋಯಿತೆಂದು ಯಾವುದೋ ರೇವಿನಲ್ಲಿ ಹೊಸದನ್ನು ಕೊಂಡು, ಊರಿನಿಂದ ತಂದ ಸಿರಿಂಜಿನಲ್ಲಿಯೇ 10ರ ಗೆರೆಯವರೆಗೆ ಎಳೆದರೆ ಮೈಗೆ ಸೇರುವುದು ಕಾಲು ಮಿಲಿಲೀಟರು, ಎಂದರೆ 25 ಯೂನಿಟ್ಟು! ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೇ ಸಂಚಕಾರ ಬಂದೀತು. ಆದುದರಿಂದ ಬೇಕಾದುದರ ಎರಡರಷ್ಟು ಔಷಧವನ್ನೂ ಅದಕ್ಕೊಪ್ಪುವ ಸಿರಿಂಜುಗಳನ್ನೂ ವೈದ್ಯರ ಪತ್ರವನ್ನೂ ಕೈಚೀಲದಲ್ಲಿಯೇ ಇಟ್ಟುಕೊಳ್ಳುವುದು ಲೇಸು.

ಕಡಲಿನ ಇನ್ನೊಂದು ಕಾಟ ವಾಂತಿ. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಉಂಡದ್ದು ಹೊಟ್ಟೆಯಲ್ಲಿ ನಿಲ್ಲದಿದ್ದರೆ ಸಕ್ಕರೆ ಇಳಿಯುತ್ತದೆ. ಹಾಗೆಂದು ಇನ್ಸುಲಿನ್ನನ್ನು ಪೂರ್ತಿಯಾಗಿ ಬಿಟ್ಟರೆ ರಕ್ತದಲ್ಲಿ ಕೀಟೋನ್ ಆಮ್ಲಗಳು ಸೇರುತ್ತವೆ, ಅದೂ ಮಾರಕವೇ. ಅಂತಹ ದಿನದ ಪ್ರಮಾಣವೆಷ್ಟೆಂಬುದನ್ನು ಮೊದಲೇ ವೈದ್ಯರಿಂದ ಬರೆಸಿಕೊಳ್ಳಬೇಕು. ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಇಳಿದರೆ 15 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷಗಳ ಬಳಿಕ ಮತ್ತೆ ಪರೀಕ್ಷಿಸಬೇಕು.

ಬಯಲುಸೀಮೆಯ ಒಣಗಾಳಿಯಲ್ಲಿ ಒದ್ದೆ ಮಣ್ಣಿನ ಕುಡಿಕೆಯೊಳಗೆ ಇನ್ಸುಲಿನ್ ತಂಪಾಗಿರುತ್ತದೆ. ಕಡಲಿನ ತೇವದ ಗಾಳಿಯಲ್ಲಿ ನೀರು ಬೇಗ ಆರದಾದುದರಿಂದ ಆ ಉಪಾಯ ಅಷ್ಟಾಗಿ ಫಲಿಸದು. ತೆರೆಯದ ಸೀಸೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನಲ್ಲಿಡಲು ಹಡಗಿನ ವೈದ್ಯರನ್ನು ಕೇಳಿಕೊಳ್ಳಬಹುದು. ಮಂಜುಗಡ್ಡೆಗೆ ಮಾತ್ರ ತಾಗಿಸಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ನನ್ನು ಕರಗಿದ ಮೇಲೂ ಬಳಸುವಂತಿಲ್ಲ.