ನೆರಳಿನ ಬೇಲಿಗೊಂದು ಹೂಬಳ್ಳಿ

ಮಗಳೇ,

ಅಮೆರಿಕದ ವರ್ಜಿನಿಯಾದ ಆಶ್‌ಬರ್ನ್‌ನಲ್ಲಿ ಮನೆ ಕೊಂಡಾಗಿನಿಂದ ನಿನಗೆ ಒಂದೇ ಚಿಂತೆ: ಹಿತ್ತಲೆಲ್ಲ ಮರದ ನೆರಳು, ಬೇಲಿಗೆ ಯಾವ ಹೂಬಳ್ಳಿ ಹಬ್ಬಿಸಲಿ ಎಂದು. ಮಲ್ಲಿಗೆಯ ಆಸೆಯಿದ್ದರೆ ಕುಂಡದಲ್ಲಿ ಬೆಳೆಸು, ಚಳಿ ಬೀಳುವ ಮುಂಚೆ ಒಳಗೆ ತಂದಿಡು. ನೆಲಕ್ಕೆ ಮಾತ್ರ ಈ ಸೀಮೆಯದೇ ಬಳ್ಳಿ ಹಾಕು.

ನಾನು ಹೇಳುವುದು ಕ್ಲೆಮಟಿಸ್ ವರ್ಜಿನಿಯಾನಾ. ಇಲ್ಲಿಯವರು ವರ್ಜಿನ್ಸ್ ಬವರ್ ಎನ್ನುತ್ತಾರೆ. ತೊರೆಯ ಬದಿಯಲ್ಲಿ, ಕಾಡಂಚಿನಲ್ಲಿ ತಾನಾಗಿ ಹಬ್ಬುವಂಥದ್ದು. ಇದರ ಕುಲದವು ನಮ್ಮ ಸಹ್ಯಾದ್ರಿಯ ಪೊದೆಗಳ ಮೇಲೂ ಇವೆ. ಬೆಳಗಿನ ಮೂರು-ನಾಲ್ಕು ಗಂಟೆ ಬಿಸಿಲು ಸಿಕ್ಕರೂ ಸಾಕು, ಆಗಸ್ಟ್-ಸೆಪ್ಟೆಂಬರಿನಲ್ಲಿ, ನಾವು ಗೌರಿ-ಗಣೇಶನಿಗೆ ಸಜ್ಜಾಗುವ ಹೊತ್ತಿಗೆ, ಬೇಲಿ ಬೆಳ್ಳಗಾಗುತ್ತದೆ. ಬಿಸಿಲು ಸುಳಿಯದ ಮೂಲೆಯಲ್ಲಿ ಎಲೆ ಬಂದೀತು, ಹೂ ಕಡಿಮೆ.

ನರ್ಸರಿಯಲ್ಲಿ ಎಲೆ ನೋಡಿಯೇ ದುಡ್ಡು ಕೊಡು. ಒಂದು ತೊಟ್ಟಿಗೆ ಮೂರು ಎಲೆ, ಅಂಚಿನಲ್ಲಿ ಹಲ್ಲುಗಳಿರಬೇಕು. ಅಂಚು ನುಣುಪಾಗಿದ್ದರೆ ಅದು ಏಷ್ಯಾದಿಂದ ಬಂದ ಸ್ವೀಟ್ ಆಟಮ್ ಕ್ಲೆಮಟಿಸ್. ಅದೇ ತಿಂಗಳು, ಅದೇ ಬಿಳಿ ಹೂ, ಮೇಲೆ ಪರಿಮಳ. ಮನಸ್ಸು ಸೋಲುತ್ತದೆ, ಆದರೂ ಬೇಡ. ಬೀಜ ಗಾಳಿಗೆ ಹಾರಿ, ಬಿದ್ದಲ್ಲಿ ಹುಟ್ಟಿ, ಇಲ್ಲಿನ ಕಾಡಿನ ಗಿಡಗಳನ್ನು ಮುಸುಕಿಬಿಡುತ್ತದೆ. ಇಂಗ್ಲಿಷ್ ಐವಿ, ಜಪಾನಿನ ಹನಿಸಕಲ್, ಚೀನಾದ ವಿಸ್ಟೀರಿಯಾ, ಇವುಗಳ ಕಥೆಯೂ ಇದೇ. ಆಶ್‌ಬರ್ನ್‌ನ ಹೊಲಗಳ ಮೇಲೆ ಬಡಾವಣೆಗಳೂ ಡೇಟಾ ಸೆಂಟರ್‌ಗಳೂ ಎದ್ದ ಮೇಲೆ ಇಲ್ಲಿನ ಕಾಡುಜೇನಿಗೆ, ಚಿಟ್ಟೆಗೆ ನಮ್ಮ ಹಿತ್ತಲುಗಳೂ ಆಸರೆಯಾಗಬೇಕು. ಅದಕ್ಕೇ ಇಷ್ಟು ಹಟ ಹಿಡಿದು ಹೇಳುತ್ತಿದ್ದೇನೆ. ನರ್ಸರಿಯವರು ಕ್ಯಾರೊಲಿನಾ ಜೆಸಮಿನ್ ಎಂಬ ಹಳದಿ ಹೂವಿನ ಬಳ್ಳಿಯನ್ನೂ ತೋರಿಸಿಯಾರು. ಅದು ಈ ಕಡೆಯದೇ, 1924ರಿಂದ ದಕ್ಷಿಣ ಕ್ಯಾರೊಲಿನಾದ ರಾಜ್ಯಪುಷ್ಪ, ಆದರೆ ಬೇರಿನಿಂದ ಹೂವಿನವರೆಗೂ ವಿಷ. ಎಳೆ ಮಗುವಿರುವ ಮನೆಗೆ ಬೇಡ, ಮುಡಿಯಲಂತೂ ಬೇಡವೇ ಬೇಡ.

ಇಲ್ಲಿಯದು ಜಿಗುಟು ಜೇಡಿಮಣ್ಣು. ಗುಂಡಿಯನ್ನು ಆಳಕ್ಕಿಂತ ಅಗಲವಾಗಿ ತೋಡು, ಎಲೆಗೊಬ್ಬರ ಬೆರೆಸು, ಬುಡಕ್ಕೆ ತರಗೆಲೆ ಹೊದಿಸು. ವರ್ಜಿನ್ಸ್ ಬವರ್ ಎಲೆಯ ತೊಟ್ಟನ್ನೇ ಸುತ್ತಿ ಹತ್ತುತ್ತದೆ. ದಪ್ಪ ಕಂಬವನ್ನು ಹಿಡಿಯಲಾರದು. ಮನೆಮಾಲೀಕರ ಸಂಘದ (ಎಚ್‌ಒಎ) ನಿಯಮ ಓದಿಕೊಂಡು ಬೇಲಿಗೆ ತೆಳು ತಂತಿಯನ್ನೋ ಹುರಿಯನ್ನೋ ಕಟ್ಟು. ಹೂ ಬಿಡುವುದು ಹೊಸ ಚಿಗುರಿನಲ್ಲಿ, ಹಾಗಾಗಿ ಮಾರ್ಚ್ ಮೊದಲಿಗೆ ಧೈರ್ಯವಾಗಿ ಮೊಣಕಾಲೆತ್ತರಕ್ಕೆ ಸವರು. ಕೈಗವಸು ಮರೆಯಬೇಡ, ರಸ ತಾಗಿದರೆ ಚರ್ಮ ಉರಿಯುತ್ತದೆ. ಪಕ್ಕಕ್ಕೆ ಎದ್ದ ಮರಿಗಳನ್ನು ಆಗಾಗ ಕಿತ್ತುಹಾಕು.

ಬೇಲಿಯ ಬಿಸಿಲು ಬೀಳುವ ತುದಿಗೆ ಕೋರಲ್ ಹನಿಸಕಲ್ ಹಾಕು. ಏಪ್ರಿಲ್‌ನಲ್ಲಿ ದಕ್ಷಿಣದಿಂದ ಮರಳುವ ಹಮ್ಮಿಂಗ್‌ಬರ್ಡ್‌ಗೆ ಅದರ ಕೆಂಪು ಕೊಳವೆ ಹೂಗಳೆಂದರೆ ಪ್ರಾಣ. ಎರಡನ್ನೂ ಈ ಅಕ್ಟೋಬರಿನಲ್ಲೇ ನೆಡು, ಚಳಿಗೆ ಮುಂಚೆ ಬೇರು ಊರಲಿ. ನರ್ಸರಿಯಿಂದಲೇ ಎಲೆಯ ಫೋಟೋ ಕಳಿಸು, ನಾನು ನೋಡಿ ಹೇಳುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ