‘ದೊಡ್ಡವರು ಯಾರೂ ಇಲ್ಲವೇ?’

ಯುವಜನರ ಅಧ್ಯಯನ ಪಾಠ
ಓದಿಕೊಂಡು ಬರಬೇಕಾದ ಭಾಗಗಳು: 1 ತಿಮೊಥೇಯ 4:6–5:2, 1 ಸಮುವೇಲ 17:31–40, ದಾನಿಯೇಲ 13:42–62



ಕಳೆದ ತಿಂಗಳ ಯುವಕೂಟದಲ್ಲಿ ಪ್ರಾರ್ಥನೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ನಮ್ಮ ತಂಗಿಯೊಬ್ಬಳು ತನ್ನ ಕೆಲಸದ ಒಂದು ಸಂಗತಿ ಹೇಳಿದಳು. ಅವಳು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ತಳಿ ಕಡೆಯಿಂದ ದಿನಾ ಬಸ್ಸಿನಲ್ಲಿ ಹೊಸೂರಿಗೆ ಬಂದು ಒಂದು ಕಾರ್ಖಾನೆಯ ಗುಣಮಟ್ಟ ಪರೀಕ್ಷೆ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ವಯಸ್ಸು 23. ನೋಡಿದವರು ಹತ್ತನೇ ತರಗತಿ ಅನ್ನುತ್ತಾರೆ. ಒಂದು ದಿನ ಲಾರಿಯಲ್ಲಿ ಮಾಲು ಬಂತು. ಇವಳು ಮಾದರಿ ತೆಗೆದು ಪರೀಕ್ಷೆ ಮಾಡಿದಳು, ಸರಿ ಇರಲಿಲ್ಲ, ವಾಪಸ್ ಒಯ್ಯಬೇಕು ಎಂದಳು. ಮಾಲು ತಂದವರು ಅವಳ ಮುಖ ನೋಡಿ, ‘ಪಾಪಾ, ಪೆರಿಯವಂಗ ಯಾರೂ ಇಲ್ಲಿಯಾ?’ ಎಂದು ಕೇಳಿದರಂತೆ. ಕೊನೆಗೆ ಹಿರಿಯ ಅಧಿಕಾರಿಯೊಬ್ಬರು ಬಂದು, ಇವಳ ಕೈಯಲ್ಲಿದ್ದ ಕಾಗದವನ್ನೇ ತೆಗೆದುಕೊಂಡು, ಅದರಲ್ಲಿದ್ದ ಸಂಖ್ಯೆಗಳನ್ನೇ ಓದಿ ಹೇಳಿದರು. ಮರುಮಾತಿಲ್ಲದೆ ಲಾರಿ ಹೊರಟಿತು.

‘ಕಾಗದ ನನ್ನದೇ ಅಕ್ಕಾ, ಓದಿದವರ ತಲೆ ಮಾತ್ರ ನರೆತಿತ್ತು’ ಎಂದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಕೆಲಸ ಬಿಡುವ ಯೋಚನೆಯಲ್ಲಿದ್ದಳು ಎಂದು ಆಮೇಲೆ ತಿಳಿಯಿತು. ಅದಕ್ಕೇ ಈ ತಿಂಗಳ ಪಾಠವನ್ನು ಅವಳ ಮಾತಿನ ಮೇಲೆಯೇ ಇಟ್ಟುಕೊಂಡಿದ್ದೇವೆ. ನರ್ಸ್ ಆಗಿರುವವರು, ಶಾಲೆಯಲ್ಲಿ ಹೊಸದಾಗಿ ಪಾಠ ಹೇಳುವವರು, ಬ್ಯಾಂಕಿನ ಕೌಂಟರಿನಲ್ಲಿ ಕೂತವರು, ಎಲ್ಲರಿಗೂ ಇದು ಗೊತ್ತಿರುವ ನೋವೇ.

ದೊಡ್ಡವರ ಹಾಗೆ ಕಾಣಲು ನಾವು ಏನೇನು ಮಾಡುತ್ತೇವೆ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ನಮ್ಮ ಕೂಟದ ಒಬ್ಬ ಅಣ್ಣ ಗಡ್ಡ ಬಿಟ್ಟರೆ ಸೂಪರ್‌ವೈಸರ್ ಅನ್ನಬಹುದು ಎಂದು ಮೂರು ತಿಂಗಳು ಗಡ್ಡ ಬಿಟ್ಟ. ಮೈ ಹುಷಾರಿಲ್ಲವೇ ಎಂದು ಎಲ್ಲರೂ ಕೇಳಿದರು, ಬೋಳಿಸಿದ. ನಮ್ಮಲ್ಲೇ ಇನ್ನೊಬ್ಬಳು (ಈ ಪಾಠ ಬರೆಯುವವಳೇ ಎಂದು ಇಟ್ಟುಕೊಳ್ಳಿ) ಮೊದಲ ಸಂದರ್ಶನಕ್ಕೆ ಚಿಕ್ಕಮ್ಮನ ಗಂಜಿ ಹಾಕಿದ ಸೀರೆ ಉಟ್ಟು, ಪವರ್ ಇಲ್ಲದ ಕನ್ನಡಕ ಹಾಕಿಕೊಂಡು ಹೋದಳು. ಬಸ್ಸಿನಿಂದ ಇಳಿಯುವಾಗ ನೆರಿಗೆ ಕಾಲಿಗೆ ಸಿಕ್ಕಿ ಪಿನ್ನು ಬಿಚ್ಚಿತು. ಮುಂದಿನ ಅರ್ಧ ಗಂಟೆ ಒಂದು ಕೈಯಲ್ಲಿ ಸೀರೆ ಹಿಡಿದುಕೊಂಡೇ ಉತ್ತರ ಹೇಳಬೇಕಾಯಿತು. ಪ್ರಶ್ನೆ ಬಫರ್ ದ್ರಾವಣದ ಬಗ್ಗೆ. ಮೂರು ವರ್ಷ ಓದಿದ ವಿಷಯ, ಒಂದು ವಾಕ್ಯವೂ ಬಾಯಿಗೆ ಬರಲಿಲ್ಲ. ಮನಸ್ಸೆಲ್ಲ ನೆರಿಗೆಯಲ್ಲಿತ್ತು.

ಸಂತರೂ ಇದನ್ನು ಮಾಡಿದ್ದಾರೆ ಎಂದರೆ ನಂಬುತ್ತೀರಾ? ಬಾಲ ಯೇಸುವಿನ ಸಂತ ತೆರೇಸಾ, ನಮ್ಮ ಮನೆಗಳಲ್ಲಿ ಗುಲಾಬಿ ಹಿಡಿದ ಚಿತ್ರದಲ್ಲಿ ಇರುವವರು, 1887ರ ಅಕ್ಟೋಬರ್ 31ರಂದು ತಂದೆಯ ಜೊತೆ ಬಾಯೂ ಪಟ್ಟಣದ ಧರ್ಮಾಧ್ಯಕ್ಷರ ಬಳಿಗೆ ಹೋದರು. ವಯಸ್ಸು 14. ಕಾರ್ಮೆಲ್ ಮಠ ಸೇರಲು ಅಪ್ಪಣೆ ಬೇಕಿತ್ತು. ಚಿಕ್ಕವಳು ಎಂದು ಕಳಿಸಿಬಿಟ್ಟಾರು ಎಂದು, ಆ ದಿನ ಮೊಟ್ಟಮೊದಲ ಬಾರಿಗೆ ಕೂದಲನ್ನು ಮೇಲಕ್ಕೆತ್ತಿ ದೊಡ್ಡ ಹೆಂಗಸರ ಹಾಗೆ ಕಟ್ಟಿಕೊಂಡು ಹೋಗಿದ್ದರು. ಒಪ್ಪಿಗೆ ಸಿಗಲಿಲ್ಲ. ಧರ್ಮಾಧ್ಯಕ್ಷರು ಆಮೇಲೆ ನೋಡೋಣ ಎಂದರು, ತೆರೇಸಾ ಅತ್ತರು. ಕೂದಲಿನ ಸಂಗತಿಯನ್ನು ತಂದೆಯೇ ಹೇಳಿಬಿಟ್ಟರು. ಧರ್ಮಾಧ್ಯಕ್ಷರು ಮುಂದೆ ಅದನ್ನು ಇತರರಿಗೂ ಹೇಳಿ ನಗುತ್ತಿದ್ದರಂತೆ. ತೆರೇಸಾ ಸುಮ್ಮನಾಗಲಿಲ್ಲ. ನವೆಂಬರ್ 20ರಂದು ರೋಮಿನಲ್ಲಿ ಜಗದ್ಗುರು 13ನೇ ಲಿಯೋ ಅವರ ಮುಂದೆಯೇ ಮೊಣಕಾಲೂರಿ ಕೇಳಿದರು. 1888ರ ಏಪ್ರಿಲ್ 9ರಂದು, 15ನೇ ವಯಸ್ಸಿನಲ್ಲಿ, ಮಠದ ಬಾಗಿಲು ತೆರೆಯಿತು. ತೀರಿಕೊಂಡಾಗ ಅವರ ವಯಸ್ಸು 24, ನಮ್ಮಲ್ಲಿ ಬಹಳ ಜನರ ವಯಸ್ಸು. 1997ರಲ್ಲಿ ಜಗದ್ಗುರು 2ನೇ ಜಾನ್ ಪೌಲ್ ಅವರು ಅದೇ ತೆರೇಸಾರನ್ನು ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದರು. ಕೂದಲು ಕಟ್ಟಿದ್ದು ತಪ್ಪಲ್ಲ. ಅದರಿಂದ ಕೆಲಸ ಆಗಲಿಲ್ಲ, ಅಷ್ಟೇ.

ಈಗ ಪವಿತ್ರ ಬೈಬಲ್ ತೆರೆಯೋಣ. ಗೊಲಿಯಾತನ ಎದುರು ಹೋಗುತ್ತೇನೆ ಎಂದಾಗ ಸೌಲನು ದಾವೀದನಿಗೆ ಹೇಳಿದ್ದೂ ಇದನ್ನೇ: ನೀನಿನ್ನೂ ಹುಡುಗ. ದಾವೀದ ಅದಕ್ಕೆ ಕೋಪಿಸಿಕೊಳ್ಳಲಿಲ್ಲ, ನಾನು ಹುಡುಗನಲ್ಲ ಎಂದು ವಾದಿಸಲೂ ಇಲ್ಲ. ತಾನು ಮಾಡಿದ ಕೆಲಸ ಹೇಳಿದ: ಅಪ್ಪನ ಕುರಿ ಕಾಯುತ್ತಿದ್ದೆ, ಸಿಂಹ ಬಂತು, ಕರಡಿ ಬಂತು, ಕುರಿಯನ್ನು ಬಿಡಿಸಿದೆ. ನಮ್ಮ ಭಾಷೆಯಲ್ಲಿ ಅದೇ ಅವನ ಬಯೋಡೇಟಾ. ಆಮೇಲೆ ಸೌಲ ತನ್ನ ಶಿರಸ್ತ್ರಾಣ, ಕವಚ ಎಲ್ಲ ತೊಡಿಸಿದ. ದಾವೀದ ಹಾಕಿಕೊಂಡು ನಡೆದು ನೋಡಿದ, ಆಗಲಿಲ್ಲ. ಅಭ್ಯಾಸವಿಲ್ಲ ಎಂದು ಬಿಚ್ಚಿಟ್ಟ. ಚಿಕ್ಕಮ್ಮನ ಸೀರೆಯ ಕಥೆಯನ್ನು ಇಲ್ಲಿ ನೆನಪಿಸಿಕೊಳ್ಳಿ. ಆದರೆ ಬಿಚ್ಚಿಟ್ಟವನು ಬರಿಗೈಯಲ್ಲಿ ಹೋಗಲಿಲ್ಲ. ಹಳ್ಳಕ್ಕೆ ಇಳಿದು ನುಣುಪಾದ ಐದು ಕಲ್ಲು ಆರಿಸಿಕೊಂಡ. ತನಗೆ ಅಭ್ಯಾಸವಿದ್ದ ಸಲಕರಣೆಯನ್ನು ಬಹಳ ಜಾಗ್ರತೆಯಿಂದ ತಯಾರು ಮಾಡಿಕೊಂಡ.

ಹಾಗಂತ ಬಟ್ಟೆಯ ಬಗ್ಗೆ ಉದಾಸೀನ ಬೇಡ. ಮೈಗೆ ಸರಿಯಾಗಿ ಹೊಂದುವ, ಇಸ್ತ್ರಿ ಮಾಡಿದ ಬಟ್ಟೆ, ಒರೆಸಿದ ಚಪ್ಪಲಿ ಅಥವಾ ಶೂ, ಬಾಚಿದ ತಲೆ ಸಾಕು. ಮೊದಲ ದಿನ ಹೊಸ ಬಟ್ಟೆ ಹಾಕಬೇಡಿ. ಒಮ್ಮೆ ಭಾನುವಾರದ ಪೂಜೆಗೆ ಹಾಕಿಕೊಂಡು ಬನ್ನಿ, ಎಲ್ಲಿ ಬಿಗಿಯುತ್ತದೆ ಎಂದು ತಿಳಿಯುತ್ತದೆ.

ತಿಮೊಥೇಯನ ಬಳಿಗೆ ಬರೋಣ. ಇವರ ಕಥೆ ನಮಗೆ ಇನ್ನೂ ಹತ್ತಿರ. ತಾಯಿ ಯೆಹೂದ್ಯಳು, ತಂದೆ ಗ್ರೀಕ (ಪ್ರೇಷಿತರ ಕಾರ್ಯಕಲಾಪಗಳು 16:1). ಎರಡು ಜನಾಂಗ ಸೇರಿದ ಮನೆಯ ಹುಡುಗ. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ಮೀಟಿಂಗಿನಲ್ಲಿ ಇಂಗ್ಲಿಷ್ ಎಂದು ಬದುಕುವ ನಮಗೆ ಆ ಇಕ್ಕಟ್ಟು ಗೊತ್ತು. ನಮ್ಮ ತಮಿಳಿನಲ್ಲಿ ಕನ್ನಡದ ಎಳೆತ ಕೇಳಿ ಯಾರಾದರೂ ಮುಗುಳ್ನಕ್ಕರೆ ಸಾಕು, ಅಲ್ಲಿಂದ ಮುಂದೆ ಧ್ವನಿಯೇ ಸಣ್ಣದಾಗುತ್ತದೆ. ಸಣ್ಣ ಧ್ವನಿಯವರನ್ನು ಚಿಕ್ಕವರು ಎಂದು ತಿಳಿಯುತ್ತಾರೆ. ತಿಮೊಥೇಯನಿಗೆ ಆರೋಗ್ಯವೂ ಅಷ್ಟಕ್ಕಷ್ಟೇ. ಹೊಟ್ಟೆಯ ತೊಂದರೆಯ ಬಗ್ಗೆ ಸಂತ ಪೌಲರು ಪತ್ರದಲ್ಲೇ ಬರೆಯುತ್ತಾರೆ (5:23). ಇಂಥವರನ್ನು ಎಫೆಸದಂಥ ದೊಡ್ಡ ಪಟ್ಟಣದ ಸಭೆಯನ್ನು ನೋಡಿಕೊಳ್ಳಲು ಬಿಟ್ಟಿದ್ದರು.

ಯುವಕನೆಂದು ಯಾರೂ ನಿನ್ನನ್ನು ತಾತ್ಸಾರ ಮಾಡದ ಹಾಗೆ ನಡೆದುಕೋ ಎಂದು ಪೌಲರು ಬರೆದಾಗ ತಿಮೊಥೇಯನ ವಯಸ್ಸೆಷ್ಟು? ಪತ್ರ ಬರೆದ ಕಾಲದ ಬಗ್ಗೆ ಪರಂಪರೆಯಿಂದ ಬಂದ ಲೆಕ್ಕ ಹಿಡಿದರೆ, ಪೌಲರ ಜೊತೆ ಸೇರಿ ಹತ್ತು ವರ್ಷಕ್ಕೂ ಮೇಲಾಗಿತ್ತು, 30 ದಾಟಿರಬಹುದು. 2ನೇ ಶತಮಾನದ ಸಂತ ಇರೇನಿಯಸ್ ಅವರು 40ನೇ ವರ್ಷದ ತನಕವೂ ಯೌವನ ಎಂದೇ ಎಣಿಸುತ್ತಾರೆ. ಅಂದರೆ ಇನ್ನೆರಡು ವರ್ಷ ಕಳೆದರೆ ತಾನಾಗಿಯೇ ಎಲ್ಲ ಸರಿಯಾಗುತ್ತದೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಪೌಲರು ಹೇಳಿದ ಉಪಾಯ ಯಾವುದು? ಮಾತು, ನಡತೆ, ಪ್ರೀತಿ, ವಿಶ್ವಾಸ, ಪರಿಶುದ್ಧತೆ, ಈ ಐದರಲ್ಲಿ ಮಾದರಿಯಾಗು ಎಂದರು. ಮಾತು ಮೊದಲು ಬಂದಿರುವುದನ್ನು ಗಮನಿಸಿ. ಅದರಲ್ಲೇ ಸ್ವಲ್ಪ ನಿಲ್ಲೋಣ. ‘ಸಾರಿ ಸರ್, ಒಂದು ಸಣ್ಣ ಡೌಟು’ ಎಂದು ಶುರು ಮಾಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಜನಕ್ಕಿದೆ? ತಪ್ಪು ಮಾಡದೆ ಕ್ಷಮೆ ಕೇಳಿದರೆ, ಮುಂದಿನ ಮಾತು ಕೇಳಬೇಕಾಗಿಲ್ಲ ಎಂದು ನಾವೇ ಹೇಳಿಕೊಟ್ಟ ಹಾಗೆ. ಹೆಸರು ಹೇಳಿ, ಮಾಡುವ ಕೆಲಸ ಹೇಳಿ, ವಿಷಯ ಹೇಳಿ, ನಿಧಾನವಾಗಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ‘ನಾಲ್ಕು ಗಂಟೆಯೊಳಗೆ ನೋಡಿ ಹೇಳುತ್ತೇನೆ’ ಎನ್ನಿ. ನಾಲ್ಕಕ್ಕೆ ಹೋಗಿ ಹೇಳಿ. ಈ ಕೊನೆಯದನ್ನು ಮೂರು ಸಲ ತಪ್ಪದೆ ಮಾಡಿ ನೋಡಿ, ನಾಲ್ಕನೆಯ ಸಲ ಅವರೇ ಹುಡುಕಿಕೊಂಡು ಬರುತ್ತಾರೆ.

ನಡತೆಗೆ ಕಾಲೇಜಿನ ಪ್ರಯೋಗಾಲಯದ ಒಂದು ನಿಯಮ ಸಾಕು. ರೆಕಾರ್ಡಿನಲ್ಲಿ ತಪ್ಪು ಸಂಖ್ಯೆ ಬರೆದರೆ ಅದರ ಮೇಲೆ ತಿದ್ದಿ ಬರೆಯಬಾರದು, ಬಿಳಿ ಬಣ್ಣ ಬಳಿಯಬಾರದು. ಒಂದೇ ಗೆರೆ ಎಳೆಯಬೇಕು, ತಪ್ಪು ಓದುವ ಹಾಗೆಯೇ ಉಳಿಯಬೇಕು, ಪಕ್ಕದಲ್ಲಿ ಸರಿ ಸಂಖ್ಯೆ ಬರೆದು ಸಹಿ, ತಾರೀಕು ಹಾಕಬೇಕು. ಆಗ ಅದು ಬರೀ ಶಿಸ್ತು ಅನ್ನಿಸಿತ್ತು. ಪಾಪನಿವೇದನೆಗೂ ಇದಕ್ಕೂ ಏನೋ ಸಂಬಂಧ ಇದೆ ಎಂದು ನಮಗೆ ಈಗ ಅನ್ನಿಸುತ್ತದೆ. ಫಾದರ್ ಬೇಕಾದರೆ ತಿದ್ದಲಿ. ತಪ್ಪನ್ನು ಮುಚ್ಚಿಡುವ ವಯಸ್ಸು ಒಂದಿದೆ, ಗೆರೆ ಎಳೆದು ಸಹಿ ಹಾಕುವ ವಯಸ್ಸು ಇನ್ನೊಂದಿದೆ.

ಇಷ್ಟಾದ ಮೇಲೆ ಪೌಲರು ಇನ್ನೊಂದು ಮಾತು ಸೇರಿಸುತ್ತಾರೆ: ವೃದ್ಧರನ್ನು ಗದರಿಸಬೇಡ, ತಂದೆಯೆಂದು ತಿಳಿದು ಹೇಳು (5:1). ‘ಪಾಪಾ’ ಎಂದವರ ಮೇಲೆ ಮುನಿಸಿಕೊಳ್ಳಬೇಕಾಗಿಲ್ಲ. ‘ಅಣ್ಣಾ, ಈ ವಿಭಾಗಕ್ಕೆ ನಾನೇ ಇರೋದು, ರಿಪೋರ್ಟು ತೋರಿಸ್ತೇನೆ, ಬನ್ನಿ’ ಎಂದರೆ ಗೌರವವೂ ಉಳಿಯಿತು, ಮಾತೂ ನಿಂತಿತು.

ದಾನಿಯೇಲನ 13ನೇ ಅಧ್ಯಾಯವನ್ನು ತಪಸ್ಸುಕಾಲದ 5ನೇ ವಾರದ ಸೋಮವಾರ ಪೂಜೆಯಲ್ಲಿ ಓದುತ್ತಾರೆ. (ಪ್ರೊಟೆಸ್ಟೆಂಟ್ ಗೆಳೆಯರ ಬೈಬಲಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಅಲ್ಲಿ ದಾನಿಯೇಲ 12ಕ್ಕೆ ಮುಗಿಯುತ್ತದೆ.) ಇಬ್ಬರು ಹಿರಿಯರು, ಅದೂ ನ್ಯಾಯಾಧೀಶರು, ಸುಸನ್ನಳ ಮೇಲೆ ಸುಳ್ಳು ಹೊರಿಸಿದರು. ನರೆತ ತಲೆಗಳನ್ನು ಜನ ನಂಬಿದರು, ಸಾವಿನ ತೀರ್ಪೂ ಆಯಿತು. ಆಗ ಎದ್ದು ನಿಂತವನು ಒಬ್ಬ ಹುಡುಗ. ಕೂಗಿದ್ದು ಒಂದೇ ಸಲ. ಆಮೇಲೆ ಇಬ್ಬರನ್ನೂ ದೂರ ದೂರ ನಿಲ್ಲಿಸಿ, ಯಾವ ಮರದ ಕೆಳಗೆ ನೋಡಿದಿರಿ ಎಂದು ಒಬ್ಬೊಬ್ಬರನ್ನೇ ಕೇಳಿದ. ಇಬ್ಬರೂ ಬೇರೆ ಬೇರೆ ಮರದ ಹೆಸರು ಹೇಳಿದರು. ಒಬ್ಬಳ ಪ್ರಾಣ ಉಳಿಯಿತು. ಹುಡುಗನ ಮಾತನ್ನು ಕೇಳಿಸಿಕೊಳ್ಳುವುದು ಬಿಡುವುದು ಬರೀ ಅವನ ಮಾನದ ಪ್ರಶ್ನೆ ಆಗಿರಲಿಲ್ಲ.

ನಮ್ಮ ಧರ್ಮಕೇಂದ್ರದ್ದೇ ಒಂದು ಸಂಗತಿ ಹೇಳಬೇಕು. ಕನ್ನಡ ಪೂಜೆಗೆ ಜನ ಕಡಿಮೆ, ಎರಡು ವಾರಕ್ಕೊಮ್ಮೆ ಇಟ್ಟರೆ ಸಾಕಲ್ಲವೇ ಎಂಬ ಮಾತು ಪಾಲನಾ ಸಮಿತಿಯಲ್ಲಿ ಬಂದಾಗ ಯುವಕೂಟದ ನಾವು ನಾಲ್ಕು ಜನ ಹೋಗಿದ್ದೆವು. ನಾಲ್ವರೂ ಒಟ್ಟಿಗೇ ಮಾತಾಡಿದೆವು, ಒಬ್ಬಳು ಅತ್ತಳು. ‘ಕಾಫಿ ಕುಡಿದು ಹೋಗಿ ಮಕ್ಕಳೇ, ದೊಡ್ಡವರು ಮಾತಾಡ್ತೇವೆ’ ಎಂದು ಪ್ರೀತಿಯಿಂದಲೇ ಕಳಿಸಿದರು. ಕಾಫಿ ಚೆನ್ನಾಗಿತ್ತು. ಮನೆಗೆ ಹೋಗುವ ದಾರಿಯಲ್ಲಿ ಯಾರೂ ಮಾತಾಡಲಿಲ್ಲ. ಅಜ್ಜಿ ಕಲಿಸಿದ ಭಾಷೆಯಲ್ಲಿ ಜಪ ಹೇಳಲು ನಮ್ಮ ಮಕ್ಕಳಿಗೆ ಜಾಗ ಇರುತ್ತದೋ ಇಲ್ಲವೋ ಎಂಬ ಪ್ರಶ್ನೆ ಅದು.

ಮುಂದಿನ 8 ಭಾನುವಾರ ಇಬ್ಬಿಬ್ಬರು ಬಾಗಿಲ ಬಳಿ ನಿಂತು ಎಣಿಸಿದೆವು. ಎಷ್ಟು ಜನ, ಎಷ್ಟು ಮಕ್ಕಳು, ಯಾವ ಅನ್ಬಿಯಂನಿಂದ, ಎಲ್ಲ ನೋಟ್‌ಬುಕ್ಕಿಗೆ ಬಂತು. ಒಂದು ಭಾನುವಾರ ಜೋರು ಮಳೆ, 41 ಜನ ಮಾತ್ರ. ಅದನ್ನು ಬಿಟ್ಟುಬಿಡೋಣ ಎಂಬ ಚರ್ಚೆ ನಮ್ಮೊಳಗೇ ನಡೆಯಿತು. ಬಿಡಲಿಲ್ಲ. ಎರಡನೆಯ ಸಲ ಸಮಿತಿಯ ಮುಂದೆ ಒಬ್ಬನೇ ಮಾತಾಡಿದ, ಹತ್ತು ನಿಮಿಷ. ಹಿರಿಯರೊಬ್ಬರು ಹಾಳೆ ನೋಡುತ್ತಾ, ‘ಈ 41 ಯಾಕೆ ಬರೆದಿದ್ದೀಯಪ್ಪಾ? ನಿಮಗೇ ನಷ್ಟ ಅಲ್ಲವಾ?’ ಎಂದರು. ‘ಅವತ್ತು ಬಂದವರು ಅಷ್ಟೇ ಮಾವಾ’ ಎಂದ. ಅವರು ಕನ್ನಡಕ ತೆಗೆದು ಹಾಳೆಯನ್ನು ಪಕ್ಕದವರಿಗೆ ಕೊಟ್ಟರು. ನಿರ್ಧಾರ ಪಾಸ್ಖಹಬ್ಬದ ತನಕ ಮುಂದಕ್ಕೆ ಹೋಗಿದೆ. ಅಲ್ಲಿಯವರೆಗೆ ಪ್ರತಿ ಭಾನುವಾರ ಪೂಜೆ ಇದೆ. ಗೆದ್ದೆವು ಎನ್ನಲು ಇನ್ನೂ ಆಗದು. ಎಣಿಕೆ ನಡೆಯುತ್ತಿದೆ.

ಹಿರಿಯರೂ ಈ ಪುಟ ಓದುತ್ತೀರಿ ಎಂದು ನಮಗೆ ಗೊತ್ತು. ಪೌಲರು ತಿಮೊಥೇಯನಿಗೆ ಮಾತ್ರ ಬುದ್ಧಿ ಹೇಳಿ ಸುಮ್ಮನಾಗಲಿಲ್ಲ. ಕೊರಿಂಥದ ಸಭೆಗೂ ಬರೆದರು: ತಿಮೊಥೇಯ ಬಂದರೆ ನಿಮ್ಮ ನಡುವೆ ಅವನಿಗೆ ಅಂಜಿಕೆ ಇಲ್ಲದ ಹಾಗೆ ನೋಡಿಕೊಳ್ಳಿ, ಯಾರೂ ಅವನನ್ನು ಕಡೆಗಣಿಸಬೇಡಿ (1 ಕೊರಿಂಥ 16:10–11). ಅಂದು ಲಾರಿಯ ಬಳಿಗೆ ಬಂದ ಅಧಿಕಾರಿ ಕಾಗದವನ್ನು ತಾವೇ ಓದುವ ಬದಲು, ‘ಇವರು ಹೇಳಿದ್ದೇ ಕೊನೆಯ ಮಾತು’ ಎಂದಿದ್ದರೆ, ನಮ್ಮ ತಂಗಿ ಆ ರಾತ್ರಿ ನಿದ್ದೆ ಮಾಡುತ್ತಿದ್ದಳು. ನಿಮ್ಮ ಕೈಕೆಳಗೆ ಕೆಲಸ ಮಾಡುವ ಚಿಕ್ಕವರಿಗೆ ಈ ವಾರ ಅಂಥದ್ದೊಂದು ಮಾತು ಹೇಳುವ ಸಂದರ್ಭ ಬರಬಹುದು.

ಕೂಟದಲ್ಲಿ ಚರ್ಚಿಸಲು: ನಿಮ್ಮನ್ನು ಚಿಕ್ಕವರೆಂದು ಬದಿಗೆ ಸರಿಸಿದ ಒಂದು ಸಂದರ್ಭ ನೆನಪಿಸಿಕೊಳ್ಳಿ; ಆಗ ನಿಮ್ಮ ಕೈಯಲ್ಲಿ ಹೇಳಲು ‘ಸಿಂಹ, ಕರಡಿ’ ಏನಾದರೂ ಇತ್ತೇ? ನೀವು ಹೊತ್ತು ತಿರುಗುತ್ತಿರುವ ಸೌಲನ ಕವಚ ಯಾವುದು? ಮನೆಯಲ್ಲಿ, ಕೆಲಸದಲ್ಲಿ ನಿಮಗಿಂತ ಚಿಕ್ಕವರ ಮಾತನ್ನು ನೀವು ಹೇಗೆ ಕೇಳುತ್ತೀರಿ? ಯೆರೆಮೀಯ 1:4–8 ಓದಿ ಪ್ರಾರ್ಥನೆ ಮಾಡಿ.

ನಮ್ಮ ತಂಗಿ ಕೆಲಸ ಬಿಟ್ಟಿಲ್ಲ. ಮುಂದಿನ ಕೂಟದಲ್ಲಿ ಯೆರೆಮೀಯನ ಭಾಗವನ್ನು ಅವಳೇ ಓದುತ್ತಾಳೆ. ಎರಡನೆಯ ಭಾನುವಾರ, ಕನ್ನಡ ಪೂಜೆಯ ನಂತರ. ಪೂಜೆಗೂ ಬನ್ನಿ, ಬಾಗಿಲ ಬಳಿ ನಿಮ್ಮನ್ನು ಎಣಿಸುತ್ತೇವೆ.