ನೋಟ ಮತ್ತು ಗಮನ

ಕಣ್ಣು ತೆರೆದಿದ್ದ ಮಾತ್ರಕ್ಕೆ ಎದುರಿಗಿರುವುದೆಲ್ಲವೂ ಕಾಣುವುದೇ? ಬೆಂಗಳೂರಿನ ಹೊರವರ್ತುಲ ರಸ್ತೆಯು ಬೆಳ್ಳಂದೂರನ್ನು ಹಾದುಹೋಗುವೆಡೆಯಲ್ಲಿ ನಿಂತವನ ದೃಷ್ಟಿಗೆ ಒಮ್ಮೆಲೇ ಹಲವಾರು ವಸ್ತುಗಳು ಬೀಳುತ್ತವೆ. ನೆಟ್ಟಗೆ ನಿಂತ ದೀಪದ ಕಂಬಗಳು, ಅಡ್ಡಲಾಗಿ ಚಾಚಿದ ಫಲಕಗಳು, ತಿರುವಿನಲ್ಲಿ ಓರೆಯಾಗಿ ವಾಲುವ ದ್ವಿಚಕ್ರ ವಾಹನಗಳು - ಇವೆಲ್ಲದರ ಬಿಂಬವೂ ಅಕ್ಷಿಪಟಲದ ಮೇಲೆ ಮೂಡುತ್ತದೆ. ಆದರೆ ಅವನ ಅರಿವಿಗೆ ಬರುವುದು ಕೆಲವು ಮಾತ್ರ. ಈ ಆಯ್ಕೆಯನ್ನು ಮಾಡುವುದು ಕಣ್ಣಲ್ಲ, ಮಿದುಳು.

ಅಕ್ಷಿಪಟಲದಿಂದ ಹೊರಟ ಸಂಕೇತಗಳು ದೃಷ್ಟಿನರದ ಮೂಲಕ ಸಾಗಿ, ತಲೆಯ ಹಿಂಭಾಗದಲ್ಲಿರುವ ಮಿದುಳಿನ ದೃಷ್ಟಿಕ್ಷೇತ್ರವನ್ನು ಸೇರುತ್ತವೆ. ಅಲ್ಲಿನ ನರಕೋಶಗಳ ಕಾರ್ಯವನ್ನು ಅರಿಯಲು ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು 1958ರಲ್ಲಿ ಅಮೆರಿಕದಲ್ಲಿ ಬೆಕ್ಕಿನ ಮೇಲೆ ಪ್ರಯೋಗ ನಡೆಸಿದರು. ಬೆಕ್ಕಿಗೆ ಚುಕ್ಕೆಗಳನ್ನು ತೋರಿಸಿದಾಗ ನರಕೋಶವು ಹೆಚ್ಚಾಗಿ ಸ್ಪಂದಿಸಲಿಲ್ಲ. ಒಮ್ಮೆ ಗಾಜಿನ ಫಲಕವನ್ನು ಯಂತ್ರದೊಳಗೆ ಸೇರಿಸುತ್ತಿದ್ದಾಗ ಅದರ ಅಂಚಿನ ನೆರಳು ಗೆರೆಯಂತೆ ಪರದೆಯ ಮೇಲೆ ಸರಿಯಿತು. ಒಡನೆಯೇ ಆ ಕೋಶವು ಬಿರುಸಾಗಿ ಸ್ಪಂದಿಸಿತು! ಗೆರೆಯ ದಿಕ್ಕನ್ನು ಬದಲಿಸಿದಾಗ ಸ್ಪಂದನವು ಕುಗ್ಗಿತು. ಕೆಲವು ಕೋಶಗಳು ಲಂಬ ರೇಖೆಗೂ, ಕೆಲವು ಅಡ್ಡ ರೇಖೆಗೂ, ಇನ್ನು ಕೆಲವು ಓರೆ ರೇಖೆಗೂ ಹೆಚ್ಚಾಗಿ ಸ್ಪಂದಿಸುತ್ತವೆಂಬುದು ಹೀಗೆ ತಿಳಿದುಬಂತು. ದೃಷ್ಟಿಯನ್ನು ಕುರಿತ ಸಂಶೋಧನೆಗಾಗಿ ಇವರಿಬ್ಬರೂ 1981ರ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು.

ಹಾಗಾದರೆ ಗಮನದ ಪಾತ್ರವೇನು? ಕಮಿತಾನಿ ಮತ್ತು ಟಾಂಗ್ ಎಂಬ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ನೀಡುತ್ತದೆ. ಒಂದನ್ನೊಂದು ಛೇದಿಸುವ ಎರಡು ಬಗೆಯ ಓರೆ ಗೆರೆಗಳನ್ನು ಒಟ್ಟಿಗೆ ತೋರಿಸಿ, ಒಂದು ಬಗೆಯನ್ನು ಮಾತ್ರ ಗಮನಿಸುವಂತೆ ಅವರು ಹೇಳಿದರು. ಕಣ್ಣ ಮುಂದಿನ ಚಿತ್ರವು ಬದಲಾಗಲಿಲ್ಲ. ಆದರೂ ಮಿದುಳಿನ ಚಟುವಟಿಕೆಯು ಗಮನಿಸಿದ ಗೆರೆಗಳ ದಿಕ್ಕಿನತ್ತಲೇ ವಾಲಿತು. ಜಾತ್ರೆಯ ಗದ್ದಲದಲ್ಲಿ ತಾಯಿಯ ದನಿಗೆ ಕಿವಿಗೊಟ್ಟ ಮಗುವಿಗೆ ಉಳಿದ ಸದ್ದುಗಳು ಹಿಂದೆ ಸರಿಯುವಂತೆ, ಗಮನವು ಬೇಕಾದ ಸಂಕೇತವನ್ನು ಎತ್ತಿಹಿಡಿದು ಬೇಡವಾದುದನ್ನು ತಗ್ಗಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಗಮನವನ್ನು ಕುರಿತ ಸಂಶೋಧನೆಗಳು ನಡೆಯುತ್ತಿವೆ.

ಈ ವರಕ್ಕೆ ಒಂದು ಮಿತಿಯೂ ಉಂಟು. 1999ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ, ಚಲನಚಿತ್ರವೊಂದರಲ್ಲಿ ಆಟಗಾರರು ಚೆಂಡನ್ನು ಎಷ್ಟು ಬಾರಿ ಎಸೆದರೆಂದು ಎಣಿಸುತ್ತಿದ್ದವರ ಪೈಕಿ ಸುಮಾರು ಅರ್ಧದಷ್ಟು ಜನರಿಗೆ, ನಡುವೆ ಹಾದುಹೋದ ಗೊರಿಲ್ಲಾ ವೇಷಧಾರಿಯೇ ಕಾಣಲಿಲ್ಲ! ಮೊಬೈಲ್ ದೂರವಾಣಿಯಲ್ಲಿ ಮನಸ್ಸಿಟ್ಟು ರಸ್ತೆ ದಾಟುವವನ ಪಾಡೂ ಇದೇ. ಬರುತ್ತಿರುವ ವಾಹನದ ಬಿಂಬವು ಅವನ ಕಣ್ಣಿನಲ್ಲಿ ಮೂಡಿದರೂ ಅರಿವಿಗೆ ಬಾರದೆ ಹೋಗಬಹುದು. ನೋಟಕ್ಕೆ ಗಮನವು ಜೊತೆಗೂಡಿದಾಗಲೇ ಕಣ್ಣು ನಿಜವಾದ ಕಾವಲುಗಾರನಾಗುತ್ತದೆ.